ನಾಲ್ಕು ತಿಂಗಳ ಮಳೆಗೆ ಸೋರದ ಬಿಲ್ಡಿಂಗು ನನ್ನ ಗನ್ನಿಗೆ ಸೋರಿತು

ಸೈಟಲ್ಲಿ ಈಗ್ಲೂ ಹುಡುಗರು ನನ್ನನ್ನು ಹಿಂದಿನಿಂದ ಕರೆಯೋದು "ಯುಪಿಎಸ್ ಅಣ್ಣ" ಅಂತ. ಎದುರಿಗೆ ಕರೆಯೋ ಧೈರ್ಯ ಯಾರಿಗೂ ಇಲ್ಲ, ಆದ್ರೆ ವಾಕಿಟಾಕಿ ಬಟನ್ ಬಿಡ್ಲಿಕ್ಕೆ ಮರೆತು ನಗಾಡ್ತಾರಲ್ಲ, ಆಗ ನನಗೆ ಎಲ್ಲ ಕೇಳ್ತದೆ. ಹನ್ನೊಂದು ವರ್ಷ ಆಯ್ತು ಮಂಗಳೂರಲ್ಲಿ ಪ್ರೆಶರ್ ವಾಶ್ ಕೆಲಸಕ್ಕೆ, ಅಂದ್ರೆ ಗನ್ನಲ್ಲಿ ಜೋರು ನೀರು ಹೊಡೆದು ಬಿಲ್ಡಿಂಗ್ ತೊಳೆಯೋದಕ್ಕೆ ಬಂದು, ಅದರಲ್ಲಿ ಆರು ವರ್ಷ ಸೂಪರ್‌ವೈಸರ್, ಮತ್ತೆ ಇದು ಹೊಸಬರು ಮಾಡೋ ತಪ್ಪು. ಹಾಗಾಗಿ ನಗಾಡಿದ್ರೆ ಬೈಲಿಕ್ಕೂ ಬಾಯಿ ಬರೋದಿಲ್ಲ.

ನಮ್ಮ ಧಂದೆಗೆ ಇಲ್ಲಿ ಎರಡೇ ಸೀಸನ್, ಒಂದು ಮಳೆ, ಇನ್ನೊಂದು ಮಳೆ ಬಿಟ್ಟ ಕೂಡ್ಲೆ. ವರ್ಷಕ್ಕೆ 3,500 ಮಿ.ಮೀ. ಮೇಲೆ ಬೀಳೋ ಊರು ಇದು, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ, ಕಡಲಿನ ಬದಿಗೆ ಮುಖ ಮಾಡಿದ ಗೋಡೆ ಆ ನಾಲ್ಕು ತಿಂಗಳು ಸರಿಯಾಗಿ ಒಂದು ದಿನ ಒಣಗೋದಿಲ್ಲ. ಕಪ್ಪು ಪಾಚಿ, ಹಸಿರು ಪಾಚಿ, ಮತ್ತೆ ಆ ಕಿತ್ತಳೆ ಬಣ್ಣದ್ದು ಉಂಟಲ್ಲ, ಅದನ್ನು ನೋಡಿ ಎಲ್ಲರೂ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಆಸಿಡ್ ಹಾಕಿ ಅಂತಾರೆ. ಅದು ತುಕ್ಕಲ್ಲ ಮಾರ್ರೆ, ಅದೂ ಪಾಚಿಯೇ, ಟ್ರೆಂಟೆಪೋಲಿಯಾ ಅಂತ ಹೆಸರು, ಜಾತಿಯಲ್ಲಿ ಹಸಿರು ಪಾಚಿ ಆದ್ರೂ ಕ್ಯಾರೆಟ್ಟಿನಲ್ಲಿ ಇರೋ ತರದ ಬಣ್ಣ ತುಂಬಿಸಿಕೊಂಡು ಕಿತ್ತಳೆ ಕಾಣ್ತದೆ. ಆಸಿಡ್ ಬಾಟ್ಲಿ ಹಿಡ್ಕೊಂಡು "ನಾನೂ ಸ್ವಲ್ಪ ಹಾಕ್ತೇನೆ" ಅಂತ ಬರೋ ವಾಚ್‌ಮ್ಯಾನ್‌ಗಳನ್ನು ಕಂಡ್ರೆ ನನಗೆ ನಡುಕ. ನಾವು ಹೈಪೋ, ಅಂದ್ರೆ ಪಾಚಿ ಕೊಲ್ಲೋ ಬ್ಲೀಚ್ ನೀರು, ಹೊಡೆದ ಗೋಡೆ ಮೇಲೆ ಆಸಿಡ್ ಬಿದ್ರೆ ಏಳೋದು ಕ್ಲೋರಿನ್ ಗ್ಯಾಸು. ಅದು ಬೇರೆ ಕಥೆ, ಇನ್ನೊಮ್ಮೆ ಹೇಳ್ತೇನೆ.

ಇದು ಅಕ್ಟೋಬರಿನ ಒಂದು ಭಾನುವಾರ. ಐದು ಫ್ಲೋರಿನ ಕಮರ್ಷಿಯಲ್ ಕಾಂಪ್ಲೆಕ್ಸ್, ಎದುರು ಎಸಿಪಿ ಅನ್ನೋ ಅಲ್ಯೂಮಿನಿಯಮ್ ಹಲಗೆ ಮತ್ತು ಗ್ಲಾಸು, ಹಿಂದೆ ಬರೀ ಪೇಂಟ್ ಹೊಡೆದ ಗೋಡೆ, ಆ ಹಿಂದಿನ ಗೋಡೆ ಪಡುವಣಕ್ಕೆ. ದೀಪಾವಳಿ ಲೈಟಿಂಗ್ ಹಾಕೋ ಮೊದಲು ಎಲ್ಲ ಫಳಫಳ ಆಗ್ಬೇಕು ಅಂತ ಓನರ್ಸ್ ಅಸೋಸಿಯೇಷನ್ನಿನ ಆಸೆ. ನಮ್ಮ ಆಫೀಸಿನವರು ಅದನ್ನು ಒಂದು ಭಾನುವಾರ, ಎರಡು ಮಷಿನ್, ಐದು ಜನ ಅಂತ ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ಮಾರಿಬಿಟ್ಟಿದ್ರು. ಸೈಟ್ ನೋಡ್ಲಿಕ್ಕೆ ಹೋದ ಸೇಲ್ಸ್ ಹುಡುಗ ಹಿಂದಿನ ಗೋಡೆಯ ಫೋಟೋ ತೆಗೀಲೇ ಇಲ್ಲ, ಅಲ್ಲಿ ನಾಯಿ ಇತ್ತಂತೆ. ನಾನು ಸಾಫ್ಟ್ ವಾಶ್ ಸಾಕು, ಹೈಪೋ ಹೊಡೆದು ಬಿಟ್ಟು ತೊಳೆದ್ರೆ ಆಯ್ತು ಅಂದ್ರೆ, "ಪ್ರೆಶರ್ ವಾಶ್ ಅಂತ ಹೇಳಿ ಕೊಟ್ಟಿದ್ದೇವೆ, ಮಷಿನ್ ಶಬ್ದ ಬರ್ಲಿಲ್ಲ ಅಂದ್ರೆ ಕಸ್ಟಮರ್‌ಗೆ ದುಡ್ಡು ಕೊಟ್ಟ ಸಮಾಧಾನ ಇರೋದಿಲ್ಲ" ಅಂತ ಉತ್ತರ. ಇದಕ್ಕೆ ನಾನು ಎಂತ ಹೇಳ್ಲಿ.

ಬೆಳಿಗ್ಗೆ ಆರೂವರೆಗೆ ಶುರು. ಎದುರಿನ ಬದಿ ಬೂಮ್ ಲಿಫ್ಟಲ್ಲಿ, ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ನಿಂತು, ಚೆಂದ ಆಯ್ತು. ಒಂಬತ್ತು ಗಂಟೆಗೆ ಹಿಂದಿನ ಗೋಡೆಗೆ ಹೈಪೋ ಹೊಡೆದೆವು, ಹದಿನೈದು ನಿಮಿಷ ಬಿಟ್ಟೆವು, ಬನ್ಸು ತಿಂದು ಚಾ ಕುಡಿದು ಬಂದು ನೋಡಿದ್ರೆ ಪಾಚಿ ಹಾಗೆಯೇ ಕಪ್ಪಗೆ ಕೂತಿದೆ. ಒಳ್ಳೆ ಹೈಪೋ ಆದ್ರೆ ಅಷ್ಟೊತ್ತಿಗೆ ಕಂದು ಬಣ್ಣಕ್ಕೆ ತಿರುಗ್ಬೇಕು. ಇನ್ನೊಂದು ರೌಂಡ್ ಹೊಡೆದೆವು, ಆಗ್ಲೂ ಅಷ್ಟೇ. ಕ್ಯಾನಿನ ಮೇಲೆ 12 ಪರ್ಸೆಂಟ್ ಅಂತ ದೊಡ್ಡದಾಗಿ ಬರ್ದಿತ್ತು, ಆದ್ರೆ ಅದು ಏಪ್ರಿಲಲ್ಲಿ ಬಂದ ಮಾಲು, ಗೋಡೌನಿನ ತಗಡಿನ ಶೀಟಿನ ಕೆಳಗೆ ಮೇ ತಿಂಗಳ ಸೆಕೆಯಲ್ಲಿ ಬೆಂದದ್ದು. ಹೈಪೋ ಬಿಸಿಗೆ ಸತ್ತುಹೋಗ್ತದೆ ಅಂತ ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಹಿಂದಿನ ದಿನ ಒಂದು ಮೂಲೆಗೆ ಒಂದು ಬ್ರಶ್ ಹಚ್ಚಿ ನೋಡಿದ್ರೆ ಅಲ್ಲೇ ಗೊತ್ತಾಗ್ತಿತ್ತು. ನೋಡ್ಲಿಲ್ಲ.

ಲಿಫ್ಟಿನ ಬಾಡಿಗೆ ಗಂಟೆ ಲೆಕ್ಕ, ಹುಡುಗರಿಗೆ ಮಧ್ಯಾಹ್ನದ ಮೇಲೆ ಇನ್ನೊಂದು ಸೈಟು, ಮಂಡೆಬಿಸಿಯಲ್ಲಿ ನಾನೇ ಹೇಳಿದ್ದು, ಬಿಡು ಹೈಪೋ, ಗನ್ನಿನ ತುದಿಗೆ ಗ್ರೀನ್ ಟಿಪ್ ಹಾಕಿ ಜೋರಲ್ಲಿ ಎಳೀರಿ ಅಂತ. ಹಿಂದಿನ ಮೂಲೆಗೆ ಲಿಫ್ಟ್ ಹೋಗೋದಿಲ್ಲ, ಕೆಳಗೆ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿಯ ಸ್ಲ್ಯಾಬ್ ಉಂಟು, ಹಾಗಾಗಿ ಅಲ್ಲಿಗೆ ಟೆಲಿಸ್ಕೋಪಿಕ್ ಲ್ಯಾನ್ಸು, ನೆಲದಲ್ಲಿ ನಿಂತು ಮೇಲೆ ಎತ್ತಿ ಹೊಡೆಯೋದು. ಫಸ್ಟ್ ಫ್ಲೋರಲ್ಲಿ ಒಂದು ಅಲ್ಯೂಮಿನಿಯಮ್ ಲೂವರ್ ಇತ್ತು, ಗಾಳಿ ಹೋಗ್ಲಿಕ್ಕೆ ಓರೆ ಪಟ್ಟಿ ಹಾಕಿದ ಕಿಂಡಿ, ಎರಡಡಿ ಮೂರಡಿಯದ್ದು, ಅದರ ಪಟ್ಟಿಗಳ ಮೇಲೆ ಪಾಚಿ ದಪ್ಪಕ್ಕೆ ಹಸಿರು ಕಂಬಳಿ ಹಾಗೆ. ನಾನು ಅದನ್ನು ನೋಡಿದೆ. ನೋಡಿ ಟಾಯ್ಲೆಟ್ಟಿನ ವೆಂಟಿಲೇಟರ್ ಅಂದ್ಕೊಂಡೆ. ಚೆಕ್‌ಲಿಸ್ಟಲ್ಲಿ "ಇನ್‌ಸೈಡ್ ವಾಕ್" ಅಂತ ಒಂದು ಲೈನ್ ಉಂಟು, ಅದಕ್ಕೆ ಬೆಳಿಗ್ಗೆಯೇ ಪಾರ್ಕಿಂಗಲ್ಲಿ ನಿಂತು ಬನ್ಸಿನ ಎಣ್ಣೆ ಕೈಯಲ್ಲೇ ಟಿಕ್ ಹಾಕಿ ಆಗಿತ್ತು. ಒಳಗೆ ಹೋಗ್ಲಿಕ್ಕೆ ಎಲ್ಲ ಬೀಗ, ಭಾನುವಾರ ಯಾರೂ ಇರೋದಿಲ್ಲ, ಮತ್ತೆ ಫೆಸಿಲಿಟಿ ಮ್ಯಾನೇಜರ್ ಫೋನಲ್ಲಿ ಹೇಳಿದ್ದ ಮಾತೊಂದು ನನ್ನ ತಲೆಯಲ್ಲಿತ್ತು: "ಈ ವರ್ಷದ ಮಳೆಗೆ ಒಂದು ಹನಿ ಒಳಗೆ ಬರ್ಲಿಲ್ಲ, ನೀವು ಧೈರ್ಯದಲ್ಲಿ ಹೊಡೀರಿ." ನಾನು ಅದನ್ನು ಸರ್ಟಿಫಿಕೇಟ್ ಹಾಗೆ ಕಿಸೆಯಲ್ಲಿಟ್ಟುಕೊಂಡೆ. ಆಷಾಢದ ಗಾಳಿಮಳೆಗೆ ಬಗ್ಗದ ಬಿಲ್ಡಿಂಗು ನಮ್ಮ ಐದು ನಿಮಿಷದ ನೀರಿಗೆ ಎಂತ ಆಗ್ತದೆ, ಅಲ್ವಾ.

ಆ ಲೂವರ್ ಭಾರೀ ಚೆಂದ ಕ್ಲೀನ್ ಆಯ್ತು, ಸುಳ್ಳು ಹೇಳೋದಿಲ್ಲ. ಬೆಳ್ಳಿ ಹಾಗೆ ಹೊಳೀತಿತ್ತು. ನಾನು ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿ ಥಂಬ್ಸ್ ಅಪ್ ಕಾಯ್ತಾ ನಿಂತಿದ್ದೆ.

ಆಗ ಸೆಕ್ಯೂರಿಟಿಯವರು ಮೆಟ್ಟಿಲು ಇಳ್ಕೊಂಡು ಓಡಿ ಬಂದ್ರು. ವಯಸ್ಸಾದ ಜನ, ಓಡೋ ಪ್ರಾಯ ಅಲ್ಲ. "ಸ್ವಾಮೀ, ಮೇಲೆ ಎಂತದೋ ಕೂಗ್ತಾ ಉಂಟು" ಅಂದ್ರು. ಪಂಪಿನ ಶಬ್ದಕ್ಕೆ ನನಗೆ ಅರ್ಧ ಕೇಳಿದ್ದು. ಮೇಲೆ ಹೋಗಿ ನೋಡಿದ್ರೆ ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲು, ಬಾಗಿಲಿನ ಅಡಿಯಿಂದ ನೀರು ಸಣ್ಣಕೆ ಹರ್ಕೊಂಡು ಬರ್ತಾ ಉಂಟು, ಹಸಿರು ನೀರು, ಪಾಚಿಯ ಚೂರುಗಳು ತೇಲ್ತಾ. ಒಳಗಿಂದ ಬೀಪ್, ಬೀಪ್, ಬೀಪ್. ಬಾಗಿಲಿನ ಮೇಲೆ ಸ್ಟಿಕ್ಕರ್: ಯುಪಿಎಸ್ ರೂಮ್.

ಆ ಸ್ಟಿಕ್ಕರ್ ಓದಿದ ಕ್ಷಣ ಹೊಟ್ಟೆ ಒಳಗೆ ಎಂತದೋ ಕೆಳಗೆ ಜಾರಿದ ಹಾಗೆ ಆಯ್ತು. ಬೊಬ್ಬೆ ಹಾಕಿದೆ, ಗನ್ ಬಿಡಿ ಅಂತ. ಪಂಪ್ ಬಳಿ ಇದ್ದ ಹುಡುಗನಿಗೆ ಕೇಳ್ಲಿಲ್ಲ, ವಾಕಿ ಅವನ ಸೊಂಟದಲ್ಲಿ ರೈನ್‌ಕೋಟಿನ ಒಳಗೆ. ಇನ್ನೂ ಒಂದು ನಿಮಿಷ ಅವ ಹೊಡೀತಾನೇ ಇದ್ದ, ನಾನು ಕಿಟಕಿಯಿಂದ ಕೈ ಬೀಸಿದ್ದಕ್ಕೆ ಅವನೂ ಕೈ ಬೀಸಿದ. ಕೊನೆಗೆ ಸೆಕ್ಯೂರಿಟಿಯವರೇ ಕೆಳಗೆ ಹೋಗಿ ಮಷಿನ್ ಬಂದ್ ಮಾಡಿದ್ದು.

ಕೀ ಯಾರತ್ರ ಅಂತ ಕೇಳಿದ್ರೆ ಎಲೆಕ್ಟ್ರಿಷಿಯನ್ ಹತ್ರ, ಅವರು ಕುಂದಾಪುರದ ಮದುವೆಯಲ್ಲಿ. ಇನ್ನೊಂದು ಕೀ, ಕೀಗಳನ್ನು ನೇತು ಹಾಕೋ ಬೋರ್ಡಲ್ಲಿ ಉಂಟು ಅಂತ ನೆನಪಾಗ್ಲಿಕ್ಕೆ ಸೆಕ್ಯೂರಿಟಿಯವರಿಗೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ನಾನು ಬುದ್ಧಿವಂತಿಕೆ ತೋರಿಸಿದೆ. ಫ್ಲೋರಿನ ಡಿಬಿ, ಅಂದ್ರೆ ಕರೆಂಟಿನ ಸ್ವಿಚ್ಚುಗಳ ಪೆಟ್ಟಿಗೆ, ಓಪನ್ ಇತ್ತು, ಹೋಗಿ "ಯುಪಿಎಸ್ ಇನ್‌ಪುಟ್" ಅಂತ ಬರ್ದ ಎಂಸಿಬಿ ಸ್ವಿಚ್ಚು ಕೆಳಗೆ ಮಾಡಿದೆ. ಕರೆಂಟು ಹೋಯ್ತು, ಇನ್ನು ಎಂತ ಹೆದರಿಕೆ ಅಂತ. ಬೀಪ್ ನಿಲ್ಲಲಿಲ್ಲ. ಬೀಪಿಂಗ್ ಜೋರಾಯ್ತು. ನಾನು ಅದನ್ನು ಕೇಳಿಯೂ ಕೇಳದ ಹಾಗೆ ಮಾಪ್ ತಕ್ಕೊಂಡು, ಕೀ ತಿರುಗಿಸಿ, ಒದ್ದೆ ಗಮ್‌ಬೂಟು ಒದ್ದೆ ಕೈಯಲ್ಲಿ ಹ್ಯಾಂಡಲ್ ಹಿಡ್ದೆ.

ಹಿಂದಿನಿಂದ ನನ್ನ ಕಾಲರ್ ಯಾರೋ ಎಳೆದ್ರು. ನಮ್ಮ ಗದಗಿನ ಹುಡುಗ. "ಅಣ್ಣಾರ, ಬ್ಯಾಟರಿ ಮ್ಯಾಗ್ ನಡಿಯಾಕತ್ತೈತ್ರಿ ಅದು, ಒಳಗ್ ಹೋಗಬ್ಯಾಡ್ರಿ." ಅವ ಇದಕ್ಕೆ ಮೊದಲು ಹುಬ್ಬಳ್ಳಿಯಲ್ಲಿ ಒಂದು ವರ್ಷ ಇನ್ವರ್ಟರ್ ಅಂಗಡಿಯಲ್ಲಿದ್ದ. ಬಾಗಿಲು ಕಾಲಲ್ಲಿ ಸ್ವಲ್ಪ ದೂಡಿ ಅವ ಟಾರ್ಚ್ ಬಿಟ್ಟ. ಎದುರಿಗೆ ಕಬ್ಬಿಣದ ರ‍್ಯಾಕು, ಅದರಲ್ಲಿ ಹದಿನಾರು ಬ್ಯಾಟರಿ, ಒಂದಕ್ಕೊಂದು ಸೀರೀಸಲ್ಲಿ ಜೋಡಿಸಿದ್ದು, ಹನ್ನೆರಡು ವೋಲ್ಟಿನದ್ದು ಹದಿನಾರು ಅಂದ್ರೆ 192 ವೋಲ್ಟ್ ಡಿಸಿ. ಅದರ ಮೇಲಿನ ಫಾಲ್ಸ್ ಸೀಲಿಂಗಿನಿಂದ ತೊಟ್ಟು ತೊಟ್ಟು ನೀರು. ನಾನು ಆರಿಸಿದ್ದು ಬರೀ ಒಳಗೆ ಬರೋ ಕರೆಂಟು, ಹಾಗೆ ಮಾಡಿ ಯುಪಿಎಸ್ಸನ್ನು ನಾನೇ ಬ್ಯಾಟರಿಗೆ ಹಾಕಿದ್ದೆ, ಔಟ್‌ಪುಟ್ ಲೈವ್, ರ‍್ಯಾಕ್ ಲೈವ್, ನಡುವೆ ಒಂದು ಇಂಚು ನೀರು, ಮಾಪ್ ಹಿಡಿದ ನಾನು. ನಮ್ಮ ಮಷಿನಿನ ಲೈನಲ್ಲಿ ಶಾಕ್ ಹೊಡೆದ್ರೆ ಕರೆಂಟು ಕಡಿಯೋ 30 ಮಿಲಿ ಆಂಪಿನ ಆರ್‌ಸಿಸಿಬಿ ಉಂಟು, ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗಿ ಜೀವ ತಿಂತದೆ ಅಂತ ನಾನು ಅದಕ್ಕೆ ಬೈಯೋದು. ಬ್ಯಾಟರಿ ರ‍್ಯಾಕಿಗೆ ಅದು ಲೆಕ್ಕಕ್ಕೇ ಇಲ್ಲ.

ಎಲೆಕ್ಟ್ರಿಷಿಯನ್ ಮದುವೆ ಊಟದ ಪಂಕ್ತಿಯಲ್ಲಿ ಕೂತು ವೀಡಿಯೋ ಕಾಲಲ್ಲಿ ನೋಡಿದ್ರು, ಹಿಂದೆ ವಾಲಗ ಕೇಳ್ತಾ ಇತ್ತು. ಯಾರೂ ಒಳಗೆ ಕಾಲಿಡಬೇಡಿ ಅಂದು ಅವರ ಅಸಿಸ್ಟೆಂಟನ್ನು ಕಳಿಸಿದ್ರು. ಅವ ಬರ್ಲಿಕ್ಕೆ ನಲ್ವತ್ತು ನಿಮಿಷ. ಅಷ್ಟೂ ಹೊತ್ತು ನಾನು ಬಾಗಿಲ ಹೊರಗೆ ನಿಂತು ಆ ಬೀಪ್ ಎಣಿಸ್ತಿದ್ದೆ. ಒಳಗೆ ಒಂದು ಸಲ ಟಪ್ ಅಂತ ಶಬ್ದ ಬಂತು, ಆಮೇಲೆ ಸುಟ್ಟ ವಾಸನೆ, ಬೀಪ್ ನಿಂತಿತು. ಬೀಪ್ ನಿಂತದ್ದು ಬೀಪ್ ಇದ್ದದ್ದಕ್ಕಿಂತ ಹೆದರಿಕೆ ಆಯ್ತು.

ಕೊನೆಗೆ ಹೋದದ್ದು ಯುಪಿಎಸ್ಸಿನ ಒಂದು ಕಾರ್ಡು, ಸೀಲಿಂಗಿನ ನಾಲ್ಕು ಟೈಲು, ಮತ್ತೆ ನನ್ನ ಆ ತಿಂಗಳ ಇನ್ಸೆಂಟಿವ್ ಪೂರ್ತಿ. ಬ್ಯಾಟರಿಗೆ ಎಂತದೂ ಆಗ್ಲಿಲ್ಲ, ಅದೊಂದು ಪುಣ್ಯ.

ರಾತ್ರಿ ನಿದ್ದೆ ಬರ್ಲಿಲ್ಲ, ಮಳೆಗೆ ಬಾರದ ನೀರು ನಮಗೆ ಹೇಗೆ ಬಂತು ಅಂತ ತಲೆ ಕೆರ್ಕೊಂಡೆ. ಉತ್ತರ ನಮ್ಮ ಅಜ್ಜನ ಮನೆಯ ಮಾಡಿನಲ್ಲೇ, ಅಂದ್ರೆ ಹಂಚಿನ ಛಾವಣಿಯಲ್ಲೇ ಉಂಟು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಇಲ್ಲಿ ಊರಿಡೀ ಮಂಗಳೂರು ಹಂಚು, ಮೇಲಿನ ಹಂಚು ಕೆಳಗಿನ ಹಂಚಿನ ಮೇಲೆ ಕೂರ್ತದೆ, ನೀರು ಜಾರ್ಕೊಂಡು ಹೋಗ್ತದೆ, ಎಷ್ಟು ಜೋರು ಬಂದ್ರೂ ಚಾವಡಿಗೆ ಹನಿ ಇಲ್ಲ. ಅದೇ ಮಾಡಿಗೆ ಅಂಗಳದಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ಪೈಪ್ ಹಿಡಿದು ನೋಡಿ, ಚಾವಡಿಯಲ್ಲೇ ಮಳೆಗಾಲ. ಸಣ್ಣದಿರುವಾಗ ನಾನೇ ಹಿಡಿದು ಪೆಟ್ಟು ತಿಂದದ್ದುಂಟು. ಲೂವರಿನ ಪಟ್ಟಿ, ಎಸಿಪಿಯ ಜಾಯಿಂಟು, ಕಿಟಕಿ ಫ್ರೇಮಿನ ಅಡಿಯಲ್ಲಿ ನೀರು ಹೊರಗೆ ಹೋಗೋ ವೀಪ್ ಹೋಲು, ಎಲ್ಲ ಅದೇ ಲೆಕ್ಕ. ಮಳೆ ಮೇಲಿಂದ ಬರ್ತದೆ, ನಾನು ಕೆಳಗಿಂದ 150 ಬಾರ್ ಪ್ರೆಶರಲ್ಲಿ ಬಂದೆ.

ಈ ವಾಟರ್‌ಪ್ರೂಫ್ ಅನ್ನೋ ಶಬ್ದವೇ ಒಂದು ಮೋಸ. ಪಾರ್ಕಿಂಗಿನ ಕ್ಯಾಮರಾದಲ್ಲಿ ಐಪಿ65 ಅಂತ ಇರ್ತದೆ, ಧೂಳು, ನೀರು ಎಷ್ಟು ತಡೀತದೆ ಅನ್ನೋ ನಂಬರ್ ಅದು, ಮ್ಯಾನೇಜರ್‌ಗಳು ಅದನ್ನು ತೋರಿಸಿ "ಹೊಡೀರಿ, ಎಂತ ಆಗೋದಿಲ್ಲ" ಅಂತಾರೆ. ನೀರಿನ ಲೆಕ್ಕದ ಆ 5ಕ್ಕೆ ಟೆಸ್ಟ್ ಮಾಡೋದು ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ನೀರು, ಮೂರು ಮೀಟರ್ ದೂರದಿಂದ, ಪ್ರೆಶರ್ ಅಂದ್ರೆ ಒಂದು ಬಾರಿನ ಮೂರನೇ ಒಂದಂಶದಷ್ಟು. ನಮ್ಮ ಗನ್ನಿನ ಎದುರು ಅದು ಗಿಡಕ್ಕೆ ನೀರು ಹಾಕಿದ ಹಾಗೆ.

ಆಫೀಸಿನವರು ಈ ಘಟನೆಯಿಂದ ಪಾಠ ಕಲ್ತು ಎಂತ ಮಾಡಿದ್ರು ಕೇಳಿ. ಆ್ಯಪಿನ ಚೆಕ್‌ಲಿಸ್ಟನ್ನು ಹದಿನೆಂಟು ಲೈನಿಂದ ನಲ್ವತ್ತೆರಡು ಮಾಡಿದ್ರು, ಪ್ರತಿ ಲೈನಿಗೆ ಫೋಟೋ ಕಡ್ಡಾಯ. ಒದ್ದೆ ಕೈಗೆ ಟಚ್ ಕೆಲಸ ಮಾಡೋದಿಲ್ಲ, ನಮ್ಮ ಕೈ ಒಣಗಿರೋದು ಯಾವಾಗ? ಹದಿನೆಂಟು ಇದ್ದಾಗ ನಾನು ಓದದೆ ಟಿಕ್ ಹಾಕಿದವ, ನಲ್ವತ್ತೆರಡನ್ನು ಓದ್ತೇನೆ ಅಂತ ಇವರಿಗೆ ಯಾರು ಹೇಳಿದ್ರೋ. ಹೈಪೋ ಗೋಡೌನಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೇಳಿದ್ದೆ, ಅದು ಇನ್ನೂ ಅಪ್ರೂವಲ್ಲಿಗೆ ಹೋಗಿದೆ.

ನಾನು ಮಾಡೋದು ಇಷ್ಟೇ ಈಗ. ಗೋಡೆಯಲ್ಲಿ ತೂತು ಎಂತದ್ದು ಕಂಡ್ರೂ ಅದರ ಹಿಂದೆ ಎಂತ ಉಂಟು ಅಂತ ಒಳಗೆ ಹೋಗಿ ನೋಡದೆ ಗನ್ ಎತ್ಲಿಕ್ಕೆ ಬಿಡೋದಿಲ್ಲ, ಕೀ ಇಲ್ವಾ, ಆ ಭಾಗ ಬಾಕಿ. ಮೊದಲ ಹತ್ತು ನಿಮಿಷ ಒಳಗೊಬ್ಬ ಫೋನ್ ಹಿಡ್ಕೊಂಡು ನಿಲ್ಬೇಕು. ಲೂವರಿಗೆ ಪ್ಲಾಸ್ಟಿಕ್ ಶೀಟು, ಟೇಪು, ಅದರ ಮೇಲೆ ಬ್ರಶ್ಶಲ್ಲೇ ಕೆಲಸ. ಇದರಿಂದ ಭಾನುವಾರದ ಕೆಲಸ ಸೋಮವಾರಕ್ಕೆ ಹೋಗ್ತದೆ, ಆಫೀಸಿಂದ ಫೋನ್ ಬರ್ತದೆ, ನಾನು ಪಂಪಿನ ಶಬ್ದಕ್ಕೆ ಕೇಳೋದಿಲ್ಲ ಅಂತೇನೆ. ಗದಗಿನ ಹುಡುಗನಿಗೆ ಮುನ್ನೂರು ರೂಪಾಯಿ ದಿನಗೂಲಿ ಜಾಸ್ತಿ ಮಾಡಿ ಅಂತ ಬರ್ದು ಕೊಟ್ಟೆ, ನೂರು ಮಾಡಿದ್ರು.

ಬಾಕಿ ಉಳಿದ ಮೂಲೆ ಮುಗಿಸ್ಲಿಕ್ಕೆ ಮುಂದಿನ ಭಾನುವಾರ ಅದೇ ಬಿಲ್ಡಿಂಗಿಗೆ ಹೋಗ್ಬೇಕಾಯ್ತು. ಶೀಟ್ ಕಟ್ಟಿ, ಟೇಪ್ ಹೊಡೆದು, ನೀರು ಅಗಲಕ್ಕೆ ಮೆಲ್ಲಗೆ ಬೀಳೋ ವೈಟ್ ಟಿಪ್ ಹಾಕಿ, ಒಳಗೆ ಎಲ್ಲ ಸರಿ ಉಂಟಾ ಅಂತ ನೋಡ್ಲಿಕ್ಕೆ ಮೇಲೆ ಹೋದೆ. ಯುಪಿಎಸ್ ರೂಮಿನ ಬಾಗಿಲು ತೆರೆದಿತ್ತು. ಸೆಕ್ಯೂರಿಟಿಯವರು ಒಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಪಕ್ಕದಲ್ಲಿ ಒಂದು ಖಾಲಿ ಬಕೆಟ್ ಇಟ್ಟು, ಬ್ಯಾಟರಿ ರ‍್ಯಾಕಿನ ಮೇಲೆ ಅವರ ಕಪ್ಪು ಕೊಡೆ ಬಿಡಿಸಿ ಹಿಡ್ಕೊಂಡು ಕೂತಿದ್ರು. ಲೂವರ್ ಕಡೆಯಿಂದ ಕಣ್ಣು ತೆಗೀದೆ ನನ್ನತ್ರ, "ಆಯ್ತು, ಈಗ ಹೊಡೀರಿ" ಅಂದ್ರು.