ತೊಗರಿ ದರ ಕೇಳಿದರೆ ಹೈದರಾಬಾದ್ ಬರೋದ್ಯಾಕೆ

ಕೊನೆಗೂ ಗಂಟು ಬಿಚ್ಚಿತು. ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಷ್ಟೇ ಕಟ್ಟುತ್ತಿರುವ ಪುಟ್ಟ ಕನ್ನಡ ಸರ್ಚ್ ಎಂಜಿನ್‌ನಲ್ಲಿ ‘ತೊಗರಿ ದರ’ ಎಂದು ಹಾಕಿದರೆ ಈಗ ತೊಗರಿಯ ದರವೇ ಮೇಲೆ ಬರುತ್ತಿದೆ. ಮೊದಲು ಬರುತ್ತಿದ್ದದ್ದು ಬೀದರ್ ಕೋಟೆ, ಹೈದರಾಬಾದ್ ಕರ್ನಾಟಕದ ಇತಿಹಾಸ, ‘ಸುಂದರ ತೊಗರಿ ಹೊಲ’ ಎಂದು ಬರೆದ ಪ್ರವಾಸ ಲೇಖನ. ರೈತರು ನೋಡಿದ್ದರೆ ಕಂಪ್ಯೂಟರ್ ಸಮೇತ ಹೊರಗೆ ಹಾಕುತ್ತಿದ್ದರು.

ಗೂಗಲ್‌ಗೆ ಸವಾಲು ಎನ್ನುವ ಮಾತು ದೊಡ್ಡದು. ಜಗತ್ತಿನ ಹುಡುಕಾಟದಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಅವರದೇ. 2008ರಲ್ಲಿ ಕೂಲ್ ಎಂಬ ಎಂಜಿನ್ 12,000 ಕೋಟಿ ಪುಟ ಹುಡುಕುತ್ತೇವೆ ಎಂದು ಡಂಗುರ ಹೊಡೆದು ಬಂತು, 2010ರಲ್ಲಿ ಬಾಗಿಲು ಹಾಕಿತು. ಆಮೇಲೆ ಬಂದ ಎಷ್ಟೋ ಎಂಜಿನ್‌ಗಳು ಒಳಗೊಳಗೆ ಮೈಕ್ರೋಸಾಫ್ಟ್‌ನ ಬಿಂಗ್‌ನ ಸೂಚಿಯನ್ನೇ (ಇಂಡೆಕ್ಸ್, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ) ಬಾಡಿಗೆಗೆ ತಂದವು. 2025ರ ಆಗಸ್ಟ್‌ನಲ್ಲಿ ಬಿಂಗ್ ತನ್ನ ಸರ್ಚ್ ಎಪಿಐಯನ್ನೇ (ಬೇರೆಯವರ ತಂತ್ರಾಂಶಕ್ಕೆ ಫಲಿತಾಂಶ ಕೊಡುವ ಕಿಂಡಿ) ನಿಲ್ಲಿಸಿತು. ಹಾಗಾಗಿ ಸೂಚಿ ಸ್ವಂತದ್ದೇ ಇರಬೇಕು, ಕ್ಷೇತ್ರ ಮಾತ್ರ ಚಿಕ್ಕದಾಗಿರಬೇಕು. ಇಡೀ ಜಗತ್ತಿನಲ್ಲಿ ಗೆಲ್ಲಲಾಗದಿದ್ದರೂ ಆಳಂದ, ಚಿಂಚೋಳಿ, ಶಹಾಪುರದ ಪ್ರಶ್ನೆಗಳಲ್ಲಿ ಪೈಪೋಟಿ ಕೊಡಬಹುದು.

ಪುಟ ತರುವ ಹಂತ ಎಲ್ಲರಿಗೂ ಗೊತ್ತಿರುವುದೇ. ಕನ್ನಡ ವಿಕಿಪೀಡಿಯದ ಡಂಪ್ (ಎಲ್ಲ ಪುಟಗಳ ಒಟ್ಟು ಫೈಲ್) ಒಂದು ಕಡೆಯಿಂದ, ವೆಬ್ ಪುಟಗಳ ಸಾರ್ವಜನಿಕ ಸಂಗ್ರಹವಾದ ಕಾಮನ್ ಕ್ರಾಲ್‌ನ ಸೂಚಿಯಲ್ಲಿ ಭಾಷೆ ಕನ್ನಡ ಎಂದು ಗುರುತಾದ ಸಾಲುಗಳು ಇನ್ನೊಂದು ಕಡೆಯಿಂದ. ಪೂರ್ತಿ ಫೈಲ್ ಇಳಿಸಬೇಡಿ, ಸೂಚಿ ಕೊಡುವ ಆಫ್‌ಸೆಟ್ (ಫೈಲ್‌ನೊಳಗೆ ಪುಟ ಶುರುವಾಗುವ ಜಾಗ) ಹಿಡಿದು ಬೇಕಾದ ಬೈಟ್‌ಗಳನ್ನಷ್ಟೇ ಎಳೆದುಕೊಳ್ಳಿ. ಆ ಗುರುತು ಬಹುಪಾಲು ಲಿಪಿಯ ಮೇಲೆ ನಿಂತಿರುವುದರಿಂದ ತುಳು, ಕೊಂಕಣಿ ಪುಟಗಳೂ ಕನ್ನಡ ಎಂದೇ ಬರುತ್ತವೆ. ಬರಲಿ ಬಿಡಿ, ಮೂರು ಜಿಲ್ಲೆಗಳ ಊರ ಹೆಸರಿರುವ ಪುಟಗಳನ್ನಷ್ಟೇ ಉಳಿಸುವ ಜರಡಿಯಲ್ಲಿ ಅವು ಉದುರಿಹೋಗುತ್ತವೆ.

ಇದನ್ನೆಲ್ಲ ಇಡಲು ಡಿಸ್ಕ್ ಕೊಳ್ಳುವವರಿಗೆ ಒಂದು ಮಾತು. ಸೆಕೆಂಡ್‌ಹ್ಯಾಂಡ್ ಮಾರುವವರು ‘ಬಿಲ್ಕುಲ್ ಹೊಸಾದು ಸರ್’ ಎಂದಾಗ ನಗುತ್ತಲೇ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆಸಿ. 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳ ಕಚ್ಚಾ ಮೌಲ್ಯ (ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ಸೊನ್ನೆ ಇರಬೇಕು. 9 ಎಂಬ ಸಂಖ್ಯೆಯ ಸಾಲಿನಲ್ಲಿ ಎಷ್ಟು ಗಂಟೆ ಓಡಿದೆ ಎಂಬುದು ಇರುತ್ತದೆ. ನಮಗೆ ಬಂದ ‘ಹೊಸಾದು’ ನಾಲ್ಕು ವರ್ಷ ಬಿಡದೆ ಓಡಿತ್ತು. ವಾಪಸ್ ತಗೊಳ್ಳಿ ಅಂದರೆ, ಓಡೋದು ಅಂದ್ರ ಚಲೋ ಅದ ಅಂತಲೇ ಅರ್ಥ ಅಲ್ಲೇನ್ರಿ ಎಂಬ ಉತ್ತರ.

ಈಗ ತಲೆ ತಿಂದ ವಿಷಯಕ್ಕೆ ಬರೋಣ. ಸೂಚಿ ಇರುವುದು ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಎಂಬ ಪದ ಹುಡುಕುವ ಭಾಗದಲ್ಲಿ, ಟೋಕನೈಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಯುನಿಕೋಡ್61. ಅದರ ಡಿಫಾಲ್ಟ್ ಪ್ರಕಾರ ಪದದೊಳಗೆ ಇರಬಹುದಾದದ್ದು ಅಕ್ಷರ ವರ್ಗ, ಅಂಕಿ ವರ್ಗ ಮತ್ತು ಖಾಸಗಿ ಬಳಕೆಯ ಸಂಕೇತಗಳು ಮಾತ್ರ. ನಮ್ಮ ಕಾಗುಣಿತದ ಗುರುತುಗಳು, ಅನುಸ್ವಾರ, ವಿರಾಮ (ಅರ್ಧಾಕ್ಷರದ ‘್’ ಗುರುತು) ಎಲ್ಲವೂ ಯುನಿಕೋಡ್‌ನಲ್ಲಿ ‘ಮಾರ್ಕ್’ ವರ್ಗ. ಅಂದರೆ ಟೋಕನೈಸರ್‌ನ ಕಣ್ಣಿಗೆ ಗುಡಿಸು, ಕೊಂಬು, ಸೊನ್ನೆ ಎಲ್ಲವೂ ಖಾಲಿ ಜಾಗ. ಬೀದರ್ ಒಡೆದು ‘ಬ’, ‘ದರ’ ಆಗುತ್ತದೆ. ಹೈದರಾಬಾದ್ ‘ಹ’, ‘ದರ’, ‘ಬ’, ‘ದ’. ಸುಂದರ ‘ಸ’, ‘ದರ’. ತೊಗರಿ ‘ತ’, ‘ಗರ’. ಮೊದಲ ಮೂರರಲ್ಲೂ ದರ ಕೂತಿದೆ! ಎಂಜಿನ್ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಯಾದಗಿರಿಯದ್ದಂತೂ ‘ಯ’, ‘ದಗ’, ‘ರ’ ಎಂದು ಕೈಕಾಲು ಬೇರೆಬೇರೆ.

ಇಷ್ಟಕ್ಕೆ ಮದ್ದು ಒಂದೇ ಸಾಲು. ಟೇಬಲ್ ಸೃಷ್ಟಿಸುವಾಗ ಟೋಕನೈಸರ್‌ನ ಕೆಟಗರೀಸ್ ಆಯ್ಕೆಗೆ ಮಾರ್ಕ್ ವರ್ಗದ ಒಳಗುಂಪುಗಳಾದ ‘ಎಂಎನ್’ ಮತ್ತು ‘ಎಂಸಿ’ ಎರಡನ್ನೂ ಸೇರಿಸಿ. ಒಂದನ್ನೇ ಸೇರಿಸಿದರೆ ಅರ್ಧ ಕೆಲಸ: ವಿರಾಮ ಎಂಎನ್‌ನಲ್ಲಿದೆ, ದೀರ್ಘ ಆ ಮತ್ತು ಅನುಸ್ವಾರ ಎಂಸಿಯಲ್ಲಿವೆ. ಪಠ್ಯವನ್ನು ಮೂರು ಮೂರು ಸಂಕೇತಗಳ ತುಂಡು ಮಾಡುವ ಟ್ರೈಗ್ರಾಮ್ ಟೋಕನೈಸರ್ ಹಾಕಿದರೆ ಸಾಲದೇ ಎಂದು ಕೇಳುವವರಿಗೆ: ಅದಕ್ಕೆ ಕನಿಷ್ಠ ಮೂರು ಸಂಕೇತ ಬೇಕು, ‘ದರ’ದಲ್ಲಿ ಇರುವುದೇ ಎರಡು.

ಇಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ ಕಾಣದ ಅಕ್ಷರದ ಕಾಟ ಶುರುವಾಯಿತು. ಕೀಲಿಮಣೆಯಲ್ಲಿ ‘ಬೀದರ್‌ನಲ್ಲಿ’ ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಒಂದು ಶೂನ್ಯ ಅಗಲದ ತಡೆ ಬರುತ್ತದಲ್ಲ, ಅದೇ ಝಡ್‌ಡಬ್ಲ್ಯೂಎನ್‌ಜೆ. ಅದು ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ, ಆದ್ದರಿಂದ ಅಲ್ಲಿಯೂ ಪದ ತುಂಡಾಗುತ್ತದೆ. ‘ಫೇಸ್‌ಬುಕ್’ ಎರಡು ಪದವಾಗಿ, ತಡೆಯಿಲ್ಲದೆ ಬರೆದ ‘ಫೇಸ್ಬುಕ್’ ಒಂದೇ ಪದವಾಗಿ ಕೂರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಹೆಚ್ಚಿನವರು ಹೇಳುವ ಪರಿಹಾರ ಆ ತಡೆಯನ್ನೇ ಅಳಿಸಿಬಿಡುವುದು. ಅಳಿಸಿದ ಕೂಡಲೇ ಫೇಸ್‌ಬುಕ್ ಸರಿಹೋಯಿತು, ಬೀದರ್ ಕೈತಪ್ಪಿತು. ‘ಬೀದರ್‌ನಲ್ಲಿ’ ಎಂಬುದು ಅಲ್ಲಿಯವರೆಗೆ ‘ಬೀದರ್’ ಮತ್ತು ‘ನಲ್ಲಿ’ ಎಂದು ಒಡೆದು ತನ್ನಿಂತಾನೇ ವಿಭಕ್ತಿ ಕಳಚಿಕೊಳ್ಳುತ್ತಿತ್ತು. ಈಗ ‘ಬೀದರ್ನಲ್ಲಿ’ ಎಂಬ ಯಾರೂ ಹುಡುಕದ ಪದವಾಗಿ ಕೂತಿತು.

ಬಗೆಹರಿದದ್ದು ಹೀಗೆ. ತಡೆಯಲ್ಲಿ ಪದವನ್ನು ಕತ್ತರಿಸಿ ಬಲಗಡೆಯಿಂದ ನೋಡಬೇಕು. ಕೊನೆಯ ತುಂಡು ಪೂರ್ತಿಯಾಗಿ ಪ್ರತ್ಯಯಗಳ ಪಟ್ಟಿಯಲ್ಲಿದ್ದರೆ (ನ, ಗೆ, ನಲ್ಲಿ, ನಿಂದ, ಗಳು, ಗಳನ್ನು, ಇತ್ಯಾದಿ) ಅದನ್ನು ಬಿಟ್ಟುಬಿಡಿ, ಉಳಿದ ತುಂಡುಗಳನ್ನು ತಡೆಯಿಲ್ಲದೆ ಜೋಡಿಸಿ. ‘ಆನ್‌ಲೈನ್‌ನಲ್ಲಿ’ ಎಂಬುದು ‘ಆನ್ಲೈನ್’ ಆಗಿ ನಿಲ್ಲುತ್ತದೆ. ಬಳಕೆದಾರರು ಬರೆದ ಪ್ರಶ್ನೆಗೂ ಇದೇ ಸಂಸ್ಕಾರ ಆಗಬೇಕು, ಇಲ್ಲದಿದ್ದರೆ ಎರಡು ಕಡೆಯೂ ಬೇರೆ ದಾರಿ. ‘ಪೂರ್ತಿಯಾಗಿ’ ಎಂಬುದನ್ನು ಮರೆಯಬೇಡಿ: ತುಂಡಿನ ಆರಂಭ ಮಾತ್ರ ನೋಡಿದರೆ ‘ಗೆ’ಯಿಂದ ಶುರುವಾಗುವ ಗೆಸ್ಟ್, ಗೆಟ್ ಎಲ್ಲಕ್ಕೂ ಕತ್ತರಿ ಬೀಳುತ್ತದೆ. ರ‍್ಯಾಂಕ್‌ನಲ್ಲಿ ಬರುವ ಝಡ್‌ಡಬ್ಲ್ಯೂಜೆಯನ್ನು (ಅಕ್ಷರ ಜೋಡಿಸುವ ಕಾಣದ ಸಂಕೇತ) ಮಾತ್ರ ಕಣ್ಣುಮುಚ್ಚಿ ಅಳಿಸಬಹುದು. ಅದು ವಿರಾಮದ ಹಿಂದಿದ್ದರೂ ಮುಂದಿದ್ದರೂ ಅಳಿಸಿದ ಮೇಲೆ ಉಳಿಯುವುದು ಒಂದೇ ಸರಣಿ.

ಇವುಗಳಿಗೂ ಮೊದಲು ಒಂದು ತೊಳೆಯುವ ಕೆಲಸವಿದೆ, ಕ್ರಮ ತಪ್ಪಬಾರದು. ಎಷ್ಟೋ ಪುಟಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿರುತ್ತದೆ. ‘ಬೆ೦ಗಳೂರು’ ಕಣ್ಣಿಗೆ ಸರಿ, ಎಂಜಿನ್‌ಗೆ ಬೇರೆಯೇ ಊರು. ಎಡಬಲದಲ್ಲಿ ಅಂಕಿಯಿಲ್ಲದೆ ಅಕ್ಷರವಿದ್ದರೆ ಆ ಸೊನ್ನೆಯನ್ನು ಅನುಸ್ವಾರ ಮಾಡಿ. ಆಮೇಲೆ ಎನ್‌ಎಫ್‌ಸಿ ಎಂಬ ಯುನಿಕೋಡ್ ಕ್ರಮದಲ್ಲಿ ನಾರ್ಮಲೈಸ್ ಮಾಡಿ. ಕೊ, ಕೋ, ಕೀ, ಕೇ, ಕೈ ಇವುಗಳ ಗುರುತು ಬಿಡಿಬಿಡಿಯಾಗಿದ್ದರೆ ಆಗ ಒಂದಾಗುತ್ತವೆ. ಅದಾದ ಮೇಲಷ್ಟೇ ಕನ್ನಡ ಅಂಕಿಗಳನ್ನು ಸಾಮಾನ್ಯ ಅಂಕಿಗಳಿಗೆ ಬದಲಿಸಿ. ಮೊದಲೇ ಬದಲಿಸಿದರೆ ಬೆಂಗಳೂರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಸೊನ್ನೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಅಂಕಿ ಮತ್ತು ಅಕ್ಷರದ ನಡುವೆ ಒಂದು ಜಾಗ ಬಿಡಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿಯ ಹೆಸರು 371ಜೆ, 371(ಜೆ), ೩೭೧ ಜೆ ಮೂರೂ ಆಗ ಒಂದೇ ಆಗುತ್ತವೆ. ‘2ನೇ’ ಒಡೆದು ‘ನೇ’ ಒಂಟಿಯಾಗುತ್ತದೆ, ಅದನ್ನು ನಿರ್ಲಕ್ಷ್ಯದ ಪಟ್ಟಿಗೆ ಸೇರಿಸಿ.

ತಡೆಯಿಲ್ಲದ ವಿಭಕ್ತಿಗಳ ಕಥೆ ಬೇರೆ. ಪ್ರಿಫಿಕ್ಸ್ ಹುಡುಕಾಟ (ಪದದ ಆರಂಭ ಹೊಂದಿದರೆ ಸಾಕು ಎಂದು ಕೊನೆಗೆ ನಕ್ಷತ್ರ ಹಾಕುವುದು) ಹಾಕಿದರೆ ‘ಕಲಬುರಗಿ*’ ಚೆನ್ನಾಗಿ ಓಡುತ್ತದೆ: ಕಲಬುರಗಿಯಲ್ಲಿ, ಕಲಬುರಗಿಗೆ, ಎಲ್ಲ ಬರುತ್ತವೆ. ಚಿಕ್ಕ ಪದಕ್ಕೆ ಅದೇ ವಿಷ. ‘ದರ*’ ಅಂದರೆ ದರ್ಗಾ, ದರೋಡೆ. ‘ಜೋಳ*’ ಅಂದರೆ ಜೋಳಿಗೆ. ಆದ್ದರಿಂದ ನಾಲ್ಕು ಸಂಕೇತಕ್ಕಿಂತ ಕಡಿಮೆ ಇದ್ದರೆ ಪ್ರಿಫಿಕ್ಸ್ ಬೇಡ, ಪ್ರತ್ಯಯ ಕಳಚಿದ ರೂಪಗಳನ್ನು ಇನ್ನೊಂದು ಕಾಲಂನಲ್ಲಿ ಇಡಿ. ಉದ್ದ ಪದದ ಕೊನೆಯಲ್ಲಿ ವಿರಾಮ ಅಥವಾ ಉಕಾರ ಇದ್ದರೆ ಅದನ್ನು ಕಿತ್ತು ನಂತರ ನಕ್ಷತ್ರ ಹಾಕಿ. ‘ಬೀದರ*’ಕ್ಕೆ ಬೀದರಿನಲ್ಲಿ, ಬೀದರದಲ್ಲಿ ಎರಡೂ ಸಿಗುತ್ತವೆ, ‘ಬೀದರ್*’ಗೆ ಎರಡೂ ಇಲ್ಲ. ಇನ್ನು ಜನ ಮಾತಾಡಿದ ಹಾಗೇ ಟೈಪ್ ಮಾಡುತ್ತಾರೆ: ಬೀದರದಾಗ, ಕಲಬುರಗ್ಯಾಗ, ಮನ್ಯಾಗ. ‘ದಾಗ’ ಸುಲಭ. ‘್ಯಾಗ’ ಕಳಚಿದರೆ ಮೂಲ ಇಕಾರವೋ ಎಕಾರವೋ ತಿಳಿಯದು. ಮನಿ, ಮನೆ ಎರಡನ್ನೂ ಹುಡುಕಿಸುವುದೇ ಕ್ಷೇಮ. ಪುಸ್ತಕದ ಕನ್ನಡಕ್ಕೆ ಮಾಡಿದ ಪ್ರತ್ಯಯ ಪಟ್ಟಿಗಳಲ್ಲಿ ಇವು ಇರುವುದಿಲ್ಲ.

ರ್‍ಯಾಂಕಿಂಗ್‌ಗೆ ಬಿಎಂ25 (ಪದ ಎಷ್ಟು ಸಲ ಬಂದಿದೆ, ಎಷ್ಟು ವಿರಳ ಎಂದು ನೋಡಿ ಪುಟಕ್ಕೆ ಅಂಕ ಕೊಡುವ ಸೂತ್ರ) ಸಾಕು. ಶೀರ್ಷಿಕೆಗೆ 6, ಪಠ್ಯಕ್ಕೆ 1, ಕಳಚಿದ ರೂಪಕ್ಕೆ 0.4 ತೂಕ. ಎಫ್‌ಟಿಎಸ್5 ಇದನ್ನು ಋಣ ಸಂಖ್ಯೆಯಲ್ಲಿ ಕೊಡುತ್ತದೆ, ಏರಿಕೆ ಕ್ರಮದಲ್ಲೇ ಜೋಡಿಸಿ.

ನಡುವೆ ಮುಂದಿನ ಹುಚ್ಚು ಒಂದು. 4.2 ಇಂಚಿನ ಇ-ಇಂಕ್ ಪರದೆ, ಇಎಸ್‌ಪಿ32 ಎಂಬ ಪುಟ್ಟ ಚಿಪ್, ದಿನದ ತೊಗರಿ ದರ ತೋರಿಸುವ ಪುಟ್ಟ ಹಲಗೆ. ಆ ಚಿಪ್‌ಗೆ ಸಿಗುವ ಸಾಮಾನ್ಯ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಚಿತ್ರವನ್ನು ಸರ್ವರ್‌ನಲ್ಲೇ ಒತ್ತಕ್ಷರ ಜೋಡಿಸುವ ಹಾರ್ಫ್‌ಬಝ್‌ನ ನೆರವಿನಿಂದ ಬರೆಸಿ ಕಳಿಸಬೇಕು. 400 ಗುಣಿಸು 300, ಒಂದು ಪಿಕ್ಸೆಲ್‌ಗೆ ಒಂದು ಬಿಟ್, ಒಟ್ಟು 15,000 ಬೈಟ್. ಚಿಪ್ ಕೆಲಸ ಬರೀ ಸುರಿಯುವುದು. ಪರದೆ ತರಿಸಬೇಕಾದರೆ ಕೇಬಲ್ ಸಹಿತ ಎಂದು ಬರೆದಿದೆಯೇ ಎಂದು ಎರಡು ಸಲ ಓದಿ.

ಊರ ಹೆಸರಿಗೆ ವಾಪಸ್. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತು. ಹಳೆ ಪುಟಗಳಲ್ಲಿ ಗುಲ್ಬರ್ಗಾ, ಗುಲಬರ್ಗಾ, ಗುಲ್ಬರ್ಗ, ಹೊಸದರಲ್ಲಿ ಕಲಬುರಗಿ, ಕಲಬುರ್ಗಿ. ಸೂಚಿಯಲ್ಲೇ ಎಲ್ಲವನ್ನೂ ಒಂದು ಹೆಸರಿಗೆ ಬದಲಿಸಿದರೆ ಕೆಡುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ ಈಗಲೂ ಅದೇ ಹೆಸರಿನಲ್ಲಿದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕಲಬುರಗಿ ಜಿಲ್ಲೆಯದ್ದೇ. ಬದಲಿಸಿದ ಸೂಚಿಯಲ್ಲಿ ಎರಡೂ ಕಲೆತುಹೋಗುತ್ತವೆ. ಎಫ್‌ಟಿಎಸ್5ರಲ್ಲಿ ಒಂದೊಂದು ಪದಕ್ಕೆ ಬೇರೆ ತೂಕ ಕೊಡುವ ಸೌಲಭ್ಯವಿಲ್ಲ. ಅದಕ್ಕೆ ಪ್ರಶ್ನೆ ಎರಡು ಸಲ ಓಡುತ್ತದೆ: ಮೊದಲು ಬರೆದ ಹಾಗೇ, ನಂತರ ಪರ್ಯಾಯ ಹೆಸರುಗಳೊಂದಿಗೆ. ಎರಡನೆಯದರ ಫಲಿತಾಂಶ ಮೊದಲನೆಯದರ ಕೆಳಗೆ ಸೇರುತ್ತದೆ.

ಟೋಕನೈಸರ್ ಬದಲಿಸಿದಾಗ ಟೇಬಲ್ ಅಳಿಸಿ ಮತ್ತೆ ಸೃಷ್ಟಿಸಲೇಬೇಕು. ತೊಳೆದ ಪಠ್ಯವನ್ನು ಬೇರೆ ಟೇಬಲ್‌ನಲ್ಲಿಟ್ಟು ಎಕ್ಸ್‌ಟರ್ನಲ್ ಕಂಟೆಂಟ್ ಆಗಿ ಜೋಡಿಸಿದ್ದರೆ ಹೊಸ ಟೇಬಲ್ ತುಂಬಲು ‘ರೀಬಿಲ್ಡ್’ ಆಜ್ಞೆ ಒಂದೇ ಸಾಕು, ಪುಟಗಳನ್ನು ಮತ್ತೆ ತರಬೇಕಿಲ್ಲ. ಮೂಲ ಪಠ್ಯವನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಿ, ಇಲ್ಲದಿದ್ದರೆ ಫಲಿತಾಂಶದ ಕೆಳಗಿನ ತುಣುಕಿನಲ್ಲಿ ‘ಆನ್ಲೈನ್’, ‘ಫೇಸ್ಬುಕ್’ ಎಂದು ಒತ್ತಕ್ಷರ ಗುಂಪಾಗಿ ಕಾಣುತ್ತವೆ. ಸರ್ಕಾರಿ ಕಚೇರಿಗಳ ನುಡಿ ಫಾಂಟ್ ಪಿಡಿಎಫ್‌ಗಳು ಇನ್ನೂ ಹೊರಗೇ ಇವೆ. ಅವುಗಳಿಂದ ಪಠ್ಯ ತೆಗೆದರೆ ಬರುವುದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಹೆಸರು ನೋಡಿ ಬೇರ್ಪಡಿಸಿ ಯುನಿಕೋಡ್‌ಗೆ ಪರಿವರ್ತಿಸುವ ಕೆಲಸ ಮುಂದಿನ ಕಂತಿಗೆ.