ತೆಗೆದುಹಾಕಿದ್ದಕ್ಕೆ ಟೆಸ್ಟ್ ಕೇಸ್ ಇರುವುದಿಲ್ಲ

ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಟೆಸ್ಟಿಂಗ್ ನನ್ನ ಕೆಲಸ. ನಮ್ಮ ಟೀಮಿಗೆ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಟೂಲ್ ಕಲಿಸಲು ಕೂರುವುದಿಲ್ಲ. 2021ರಲ್ಲಿ ಬಂದ ಇಫುಟ್‌ಬಾಲ್ 2022 ಆಟದ ಬಗ್ಗೆ ಹಳೆಯ ಆಟಗಾರರು ಬರೆದ ರಿವ್ಯೂಗಳನ್ನು ಓದಲು ಕೊಡುತ್ತೇನೆ. ತುಂಬಾ ಬೈಗುಳವೇ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ: ಇವರಿಗೆಲ್ಲ ಸಿಟ್ಟು ಬಂದಿರುವುದು ಆಟದಲ್ಲಿ ಇರುವುದರ ಮೇಲೋ, ಇಲ್ಲದ್ದರ ಮೇಲೋ?

ಆಟದ ಹಿನ್ನೆಲೆ ಗೊತ್ತಿಲ್ಲದಿದ್ದರೆ ಈ ಪ್ರಶ್ನೆ ಅರ್ಥವಾಗುವುದಿಲ್ಲ. ಜಪಾನಿನ ಕೊನಾಮಿ ಕಂಪನಿಯ ಫುಟ್‌ಬಾಲ್ ಆಟಕ್ಕೆ ಅಲ್ಲಿ ವಿನ್ನಿಂಗ್ ಇಲೆವನ್ ಎಂಬ ಹೆಸರಿತ್ತು. ಯುರೋಪಿನಲ್ಲಿ 2001ರಿಂದ ಪ್ರೊ ಎವಲ್ಯೂಷನ್ ಸಾಕರ್, ಆಡುವವರ ಬಾಯಲ್ಲಿ ಪೆಸ್. ಎದುರಾಳಿ ಫಿಫಾ ಆಟದ ಹತ್ತಿರ ಲೈಸೆನ್ಸುಗಳ ರಾಶಿಯೇ ಇತ್ತು. ಪೆಸ್‌ನಲ್ಲಿ ಲಿವರ್‌ಪೂಲ್ ಅನ್ನುವ ಹೆಸರು ಹಾಕುವ ಹಕ್ಕೂ ಇರುತ್ತಿರಲಿಲ್ಲ, 'ಮರ್ಸಿಸೈಡ್ ರೆಡ್' ಎಂದಿರುತ್ತಿತ್ತು. ಚೆಲ್ಸಿ 'ಲಂಡನ್ ಎಫ್‌ಸಿ' ಆಗಿರುತ್ತಿತ್ತು. ಆದರೂ ಜನ ಬಿಡಲಿಲ್ಲ, ಯಾಕೆಂದರೆ ಚೆಂಡಿಗೆ ತೂಕವಿತ್ತು. ಪಾಸ್ ಸ್ವಲ್ಪ ಜೋರಾದರೆ ಆಟಗಾರನ ಕಾಲಿಂದ ಚೆಂಡು ಜಾರುತ್ತಿತ್ತು, ಜಾರಿದ ಚೆಂಡಿಗೆ ಇಬ್ಬರೂ ಓಡಬೇಕಾಗುತ್ತಿತ್ತು. 2006ರ ಪೆಸ್ 6 ಆಡಿದವರಿಗೆ ಬ್ರೆಜಿಲ್‌ನ ಅಡ್ರಿಯಾನೊ ಹೆಸರು ಹೇಳಿ ನೋಡಿ. ಆ ಎಡಗಾಲಿನ ಹೊಡೆತದ ಬಗ್ಗೆ ಮಾತು ಶುರುವಾದರೆ ಬೇಗ ಮುಗಿಯುವುದಿಲ್ಲ. ಆಟದಲ್ಲಿ ಅವನ ಶಾಟ್ ಪವರ್ 99 ಇತ್ತು, ಅದಕ್ಕಿಂತ ಮೇಲೆ ಅಂಕವೇ ಇಲ್ಲ.

ಅದಕ್ಕಿಂತ ದೊಡ್ಡದು ಮಾಸ್ಟರ್ ಲೀಗ್, ಅಂದರೆ ಒಂದು ತಂಡವನ್ನು ಸೀಸನ್‌ನಿಂದ ಸೀಸನ್‌ಗೆ ಕಟ್ಟಿ ಬೆಳೆಸುವ ಆಟ. ಅದರಲ್ಲಿ ನಿಮಗೆ ಸಿಗುತ್ತಿದ್ದ ತಂಡದವರು ನಿಜವಾದ ಆಟಗಾರರೇ ಅಲ್ಲ. ಗೋಲ್‌ಕೀಪರ್ ಇವಾರೊವ್, ಮಿಡ್‌ಫೀಲ್ಡ್‌ನಲ್ಲಿ ಮಿನಾಂಡ, ಮುಂದೆ ಕ್ಯಾಸ್ಟೊಲೊ. ಎಲ್ಲರೂ ಕೊನಾಮಿ ಹುಟ್ಟಿಸಿದ ಹೆಸರುಗಳು, ಸಾಧಾರಣ ಆಟ. ಇವರನ್ನೇ ಕಟ್ಟಿಕೊಂಡು ಒದ್ದಾಡಿ, ಪಾಯಿಂಟ್ ಕೂಡಿಸಿ, ಒಬ್ಬೊಬ್ಬನೇ ಒಳ್ಳೆಯ ಆಟಗಾರನನ್ನು ತರಬೇಕು. ತಂಡ ದೊಡ್ಡದಾದ ಮೇಲೂ ಕ್ಯಾಸ್ಟೊಲೊನನ್ನು ಮಾರಲು ಮನಸ್ಸು ಬಾರದೆ ಬೆಂಚಿನಲ್ಲಿ ಉಳಿಸಿಕೊಂಡವರು ಎಷ್ಟೋ ಜನ. ಇಲ್ಲದ ಮನುಷ್ಯನ ಮೇಲೆ ಈ ಪ್ರೀತಿ ಹುಟ್ಟಿಸಿದ ಆಟ ಅದು. ಇನ್ನು ಲೈಸೆನ್ಸ್ ಕೊರತೆಯನ್ನು ತುಂಬಿದವರೂ ಅಭಿಮಾನಿಗಳೇ. ಎಡಿಟ್ ಮೋಡ್‌ನಲ್ಲಿ ಕೂತು ನೂರಾರು ಆಟಗಾರರ ಹೆಸರು, ಜೆರ್ಸಿ, ಲೋಗೊ ತಿದ್ದಿ, ತಿದ್ದಿದ್ದನ್ನೆಲ್ಲ ಆಪ್ಷನ್ ಫೈಲ್ ಎಂಬ ಒಂದು ಫೈಲ್ ಮಾಡಿ ಬಿಟ್ಟಿಯಾಗಿ ಹಂಚುತ್ತಿದ್ದರು. ಕಂಪನಿ ಸಂಬಳ ಕೊಟ್ಟು ಮಾಡಿಸಿದ್ದರೂ ಅಷ್ಟು ಅಚ್ಚುಕಟ್ಟಾಗಿ ಆಗುತ್ತಿತ್ತೋ ಇಲ್ಲವೋ.

ಇಳಿತ ಒಂದೇ ಏಟಿಗೆ ಆಗಲಿಲ್ಲ. ಪ್ಲೇಸ್ಟೇಷನ್ 3ರಲ್ಲಿ ಪೆಸ್ 2008 ತಡವರಿಸುತ್ತಿತ್ತು. ಪೆಸ್ 2014ಕ್ಕೆ ಫಾಕ್ಸ್ ಎಂಜಿನ್ ಎಂಬ, ಆಟವನ್ನು ನಡೆಸುವ ಹೊಸ ಮೂಲ ಸಾಫ್ಟ್‌ವೇರ್ ಬಂತು, ಆದರೆ ಮಳೆ ಹೋಯಿತು. ಮಳೆಯಲ್ಲಿ ಮ್ಯಾಚ್ ಆಡುವುದೇ ಆಗಲಿಲ್ಲ. 2018ರಲ್ಲಿ ಚಾಂಪಿಯನ್ಸ್ ಲೀಗ್ ಲೈಸೆನ್ಸ್ ಕೈತಪ್ಪಿತು. ಪ್ರತಿ ಸಲವೂ ಜನ ಬೈದರು, ಮತ್ತೆ ಕೊಂಡರು. ಪೆಸ್ 2021 ಹೊಸ ಆಟವಾಗದೆ, ಹಿಂದಿನ ವರ್ಷದ್ದಕ್ಕೇ ಬರೀ ಸೀಸನ್ ಅಪ್‌ಡೇಟ್ ಆಗಿ ಬಂದಾಗಲೂ 'ಮುಂದಿನದಕ್ಕೆ ತಯಾರಿ ನಡೆಸಿದ್ದಾರೆ, ಕಾಯೋಣ' ಎಂದರು.

ಕಾದದ್ದಕ್ಕೆ ಸಿಕ್ಕಿದ್ದು ಇದು: 2021ರ ಜುಲೈನಲ್ಲಿ ಪೆಸ್ ಎಂಬ ಹೆಸರನ್ನೇ ಕೈಬಿಟ್ಟರು. ಸೆಪ್ಟೆಂಬರ್ 30ರಂದು ಉಚಿತ ಆಟವಾಗಿ ಇಫುಟ್‌ಬಾಲ್ ಬಿಡುಗಡೆಯಾಯಿತು. ಆಡಲು ಒಂಬತ್ತು ತಂಡ. ಮಾಸ್ಟರ್ ಲೀಗ್ ಇಲ್ಲ. ಎಡಿಟ್ ಮೋಡ್ ಇಲ್ಲ. ಆಟಗಾರರ ಮುಖಗಳು ಎಷ್ಟು ವಿಕಾರವಾಗಿದ್ದವೆಂದರೆ ಆ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬಳಕೆದಾರರ ರೇಟಿಂಗ್ ಪಾತಾಳಕ್ಕೆ ಇಳಿದು, ಆ ಹೊತ್ತಿಗೆ ಅಲ್ಲಿನ ಆಟಗಳಲ್ಲೇ ತೀರಾ ಕೊನೆಗೆ ಹೋಯಿತು. ಕೊನಾಮಿ ಕ್ಷಮೆ ಕೇಳಿತು, ಮುಂಗಡ ಕೊಟ್ಟಿದ್ದವರಿಗೆ ಹಣ ವಾಪಸ್ ಮಾಡಿತು. 1.0 ಆವೃತ್ತಿ ಎಂದು ಹೇಳಿಕೊಳ್ಳುವಂಥದ್ದು ಬಂದದ್ದು 2022ರ ಏಪ್ರಿಲ್ 14ರಂದು.

ಹೊಸ ಹುಡುಗರು ರಿವ್ಯೂ ಓದಿ ಮೊದಲು ಬೆರಳಿಡುವುದು ಮುಖಗಳ ಮೇಲೆ. ಟೆಸ್ಟರ್ ಕಣ್ಣಿಗೆ ಅದು ಬಗ್, ಸ್ಕ್ರೀನ್‌ಶಾಟ್ ತೆಗೆದು ಟಿಕೆಟ್ ಹಾಕಬಹುದು, ಅಂದರೆ ಸರಿಪಡಿಸಿ ಎಂದು ದೂರು ದಾಖಲಿಸಬಹುದು, ಒಂದು ಪ್ಯಾಚ್‌ನಲ್ಲಿ, ಚಿಕ್ಕ ಅಪ್‌ಡೇಟ್‌ನಲ್ಲಿ, ಸರಿಯೂ ಆಗಬಹುದು. ಮಾಸ್ಟರ್ ಲೀಗ್ ಇಲ್ಲ ಅನ್ನುವುದಕ್ಕೆ ಟಿಕೆಟ್ ಹಾಕುವುದು ಹೇಗೆ? 'ಅದು ಬಗ್ ಅಲ್ಲವಲ್ಲ ಸರ್, ಡಿಸೈನೇ ಹಾಗೆ' ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ನಾನು ಕಾಯುತ್ತಿರುವುದೂ ಆ ಮಾತಿಗೇ.

ನಮ್ಮ ಕೆಲಸ ನಡೆಯುವ ರೀತಿ ಹೀಗೆ. ಆಟದಲ್ಲಿರುವ ಒಂದೊಂದಕ್ಕೂ ಟೆಸ್ಟ್ ಕೇಸ್ ಇರುತ್ತದೆ, ಅಂದರೆ ಏನು ಮಾಡಿ ನೋಡಬೇಕು, ಏನಾಗಬೇಕು ಎಂದು ಬರೆದ ಒಂದು ಸಾಲು. ಒಂದು ಫೀಚರ್ ತೆಗೆಯಬೇಕೆಂದು ತೀರ್ಮಾನವಾದರೆ ಅದರ ಟೆಸ್ಟ್ ಕೇಸುಗಳನ್ನೂ ಪಟ್ಟಿಯಿಂದ ತೆಗೆಯುತ್ತೇವೆ. ಮುಂದಿನ ಬಿಲ್ಡ್, ಅಂದರೆ ಪರೀಕ್ಷೆಗೆ ಸಿಗುವ ಹೊಸ ಪ್ರತಿ, ಬಂದಾಗ ಇರುವುದನ್ನೆಲ್ಲ ಓಡಿಸುತ್ತೇವೆ, ಎಲ್ಲ ಪಾಸ್, ರಿಪೋರ್ಟ್ ಪೂರ್ತಿ ಹಸಿರು. ಅಭಿಮಾನಿಯ ಹೊಟ್ಟೆ ಉರಿಯುವುದು ಆ ಪಟ್ಟಿಯಿಂದ ಅಳಿಸಿಹೋದ ಸಾಲುಗಳಿಗಾಗಿ. ಅವನ್ನು ನೋಡಿಕೊಳ್ಳುವವರು ಆಫೀಸಿನಲ್ಲಿ ಯಾರೂ ಉಳಿದಿರುವುದಿಲ್ಲ.

ನಾನು ಹಿಂದೆ ಇದ್ದ ಕಡೆ ಒಂದು ಕೇರಂ ಆಟವಿತ್ತು. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವ ವ್ಯವಸ್ಥೆ ಅದರಲ್ಲಿತ್ತು. ಹೊಸ ಆವೃತ್ತಿಯಲ್ಲಿ ಅದನ್ನು ತೆಗೆದರು. ಬಳಸುವವರು ತೀರಾ ಕಡಿಮೆ ಎಂದು ಅಂಕಿಅಂಶ ಹೇಳುತ್ತಿತ್ತು. ಆಮೇಲೆ ಬಂದ ಒಂದು ರಿವ್ಯೂ ನನಗೆ ಬಾಯಿಪಾಠ: 'ಊರಿಗೆ ಹೋದಾಗ ಅಜ್ಜನ ಜೊತೆ ಆಡ್ತಿದ್ವಿ. ಈಗ ಇಬ್ರೂ ಲಾಗಿನ್ ಆಗ್ಬೇಕಂತೆ. ಅಜ್ಜನಿಗೆ ಇಮೇಲ್ ಎಲ್ಲಿಂದ ತರ್ಲಿ?' ಒಂದು ಸ್ಟಾರ್. ಜೊತೆಗಿದ್ದ ಟೆಸ್ಟರ್ ಒಬ್ಬಳು ಇದನ್ನು ಓದಿ, ಲೆಕ್ಕ ಎಲ್ಲಿಂದ ಬಂತು ಎಂದು ಕೆದಕಿದಳು. ಒಂದು ಫೋನಿನಲ್ಲಿ ನಾಲ್ಕು ಜನ ಆಡಿದರೂ ಸರ್ವರ್‌ಗೆ ಅದು ಒಬ್ಬನೇ. ನೆಟ್ ಇಲ್ಲದ ಜಾಗದಲ್ಲಿ ಆಡಿದ್ದು ಬಹುಪಾಲು ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಕಡಿಮೆ ಜನ ಅಂದುಕೊಂಡದ್ದು ಸರ್ವರ್ ಕಣ್ಣಿಗೆ ಬೀಳದ ಜನ. ಅಷ್ಟು ಹೊತ್ತಿಗೆ ಹಳೆಯ ಕೋಡ್ ಹೊಸ ಎಂಜಿನ್‌ಗೆ ಹೊಂದುತ್ತಿರಲಿಲ್ಲ, ವ್ಯವಸ್ಥೆ ವಾಪಸ್ ಬರಲಿಲ್ಲ.

ಕಂಪನಿಗಳ ಪರವಾಗಿಯೂ ಹೇಳಬೇಕಾದ ಮಾತಿದೆ. ಇಫುಟ್‌ಬಾಲ್ ಮುಳುಗಿಹೋಗಲಿಲ್ಲ, ಫೋನಿನಲ್ಲಿ ಕೋಟ್ಯಂತರ ಜನ ಡೌನ್‌ಲೋಡ್ ಮಾಡಿದ್ದಾರೆ. ಎಂಜಿನ್ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಹೊತ್ತು ತರಲು ಆಗುವುದಿಲ್ಲ, ಅದರ ಕಷ್ಟ ನನಗೆ ಗೊತ್ತು. 'ಹಳಬರು ಎಷ್ಟು ಜನ ಇದ್ದಾರೆ?' ಎಂದು ಮೀಟಿಂಗಿನಲ್ಲಿ ಕೇಳುವವರನ್ನು ನಾನು ದೂರುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಹಳಬರು ಆಟದಲ್ಲಿ ಏನು ಮಾಡುತ್ತಿದ್ದರು ಎಂದು ಹೇಳಬಲ್ಲವನು ಒಬ್ಬನಾದರೂ ಆ ಕೋಣೆಯಲ್ಲಿ ಇರಬೇಕು. ಆಟವನ್ನು ಎಲ್ಲರಿಗಿಂತ ಹೆಚ್ಚು ಆಡಿರುವವನು ಟೆಸ್ಟರ್. ಇದು ಅವನ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಾಗಿ ಈಗಿನ ಟೀಮಿನಲ್ಲಿ ಟೆಸ್ಟ್ ಕೇಸ್ ಅಳಿಸುವುದನ್ನು ನಿಲ್ಲಿಸಿದ್ದೇವೆ. ತೆಗೆದ ಫೀಚರ್‌ಗಳ ಕೇಸುಗಳೆಲ್ಲ ಬೇರೊಂದು ಶೀಟಿಗೆ ಹೋಗುತ್ತವೆ, ಅದಕ್ಕೆ 'ಹೋದವು' ಎಂದೇ ಹೆಸರು. ಪ್ರತಿ ಸಾಲಿನ ಮುಂದೆ ಇದನ್ನು ಯಾರು, ಯಾರ ಜೊತೆ, ಎಂಥ ಜಾಗದಲ್ಲಿ ಬಳಸುತ್ತಿದ್ದರು ಎಂದು ಬರೆಯಬೇಕು. ಬರೆಯಲು ಗೊತ್ತಾಗದಿದ್ದರೆ ಹಳೆಯ ರಿವ್ಯೂಗಳನ್ನು ಹುಡುಕಿ ಓದಬೇಕು. ರಿಲೀಸ್‌ಗೆ ಮುಂಚೆ ಡಿಸೈನ್ ಟೀಮಿನವರು ಕೂತು ಆ ಶೀಟನ್ನು ಸಾಲುಸಾಲಾಗಿ ನೋಡುತ್ತಾರೆ. ಮೊದಮೊದಲು ಮೂಗು ಮುರಿದವರೇ ಹೆಚ್ಚು. ಈಗ ಫೀಚರ್ ತೆಗೆಯುವ ಪ್ರಸ್ತಾಪ ಬಂದಾಗಲೇ ಶೀಟ್ ಕೇಳುತ್ತಾರೆ.

ರಿಲೀಸ್ ನೋಟ್‌ನಲ್ಲಿ ಹೊಸತೇನು ಎಂಬುದರ ಮೇಲೆ ತೆಗೆದದ್ದೇನು, ಯಾಕೆ, ಮತ್ತೆ ಬರುತ್ತದೋ ಇಲ್ಲವೋ ಎಂದು ಬರೆಯುತ್ತೇವೆ. ಮಾರ್ಕೆಟಿಂಗ್‌ನವರಿಗೆ ಇದು ಇನ್ನೂ ಒಗ್ಗಿಲ್ಲ. ಆಟಗಾರರು ಬೈಯುವುದೂ ನಿಂತಿಲ್ಲ. ಈಗ ಬೈಯುವಾಗ ಫೋನ್ ಯಾವುದು, ಆವೃತ್ತಿ ಯಾವುದು, ಮೊದಲು ಏನು ಮಾಡಲು ಆಗುತ್ತಿತ್ತು ಎಂದು ಕೂಡ ಬರೆಯುತ್ತಾರೆ. ಅಂಥ ಒಂದೊಂದು ಬೈಗುಳವನ್ನೂ ನೇರವಾಗಿ ಟಿಕೆಟ್ ಮಾಡಬಹುದು, ನಾವು ಮಾಡುತ್ತೇವೆ.