ಅದು ಕಾರ್ಬನ್ನೇ ಹೌದಾ?

16 ನವೆಂಬರ್ 2024, ಶನಿವಾರ
ಬೆಂಗಳೂರು

ಈ ಸಲ ಕ್ರಿಸ್ಟಲೋಗ್ರಫಿ (ಹರಳಿಗೆ ಎಕ್ಸ್-ರೇ ಹಾಯಿಸಿ ಅಣುವಿನ ರಚನೆ ಬಿಡಿಸುವ ವಿದ್ಯೆ) ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿರುವವರು. ಹರಳು ಬೆಳೆಸಿ, ಯಾವುದೋ ಲ್ಯಾಬಿಗೆ ಕಳಿಸಿ, ವಾಪಸ್ ಬಂದ ಸಿಐಎಫ್ ಫೈಲನ್ನು, ಅಂದರೆ ರಚನೆಯ ವಿವರವಿರುವ ಫೈಲನ್ನು, ಹಾಗೇ ಪೇಪರಿಗೆ ಸೇರಿಸಿ ಅವರಿಗೆ ರೂಢಿ. ಒಳಗೇನಿದೆ ಅಂತ ಬಿಚ್ಚಿ ನೋಡಿದವರು ಕಡಿಮೆ. ಅವರನ್ನು ದೂರುವ ಹಾಗಿಲ್ಲ. ಕೂರಿಸಿಕೊಂಡು ಹೇಳಿಕೊಟ್ಟವರು ಯಾರೂ ಇಲ್ಲ.

ಬೆಳಗ್ಗೆಯೆಲ್ಲ ಮೈಕ್ರೋಸ್ಕೋಪಿನ ಮುಂದೆಯೇ ಕಳೆಯಿತು. ಒಳ್ಳೆಯ ಹರಳು ಆರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಅಡ್ಡಡ್ಡ ಇಟ್ಟ ಎರಡು ಪೋಲರೈಸರ್ ನಡುವೆ ತಿರುಗಿಸಿದಾಗ ಒಳ್ಳೆಯ ಹರಳು ಸಾಮಾನ್ಯವಾಗಿ 90 ಡಿಗ್ರಿಗೊಮ್ಮೆ ಇಡಿಯಾಗಿ ಕಪ್ಪಾಗುತ್ತದೆ. ಒಂದು ಪಕ್ಕ ಕಪ್ಪಾಗಿ ಇನ್ನೊಂದು ಪಕ್ಕ ಹೊಳೆಯುತ್ತಿದ್ದರೆ ಅಲ್ಲಿರುವುದು ಒಂದೇ ಹರಳಲ್ಲ. ಎಲ್ಲರ ಕೈಯೂ ಮೊದಲು ಹೋಗುವುದು ದೊಡ್ಡ ಹರಳಿನ ಕಡೆಗೆ. ನಮಗೆ ಬೇಕಾದದ್ದು 0.2 ಮಿಲಿಮೀಟರ್ ಆಸುಪಾಸಿನ ಪುಟ್ಟದು. ಅದನ್ನು ಎಣ್ಣೆ ಹನಿಯಲ್ಲಿ ಅದ್ದಿ, ನೈಲಾನ್ ಕುಣಿಕೆಯಲ್ಲಿ ಎತ್ತಿ, 100 ಕೆಲ್ವಿನ್ನಿನ ನೈಟ್ರೋಜನ್ ಹರಿವಿಗೆ ಹಿಡಿಯಬೇಕು. ಎಣ್ಣೆ ಗಟ್ಟಿಯಾಗಿ ಹರಳು ಅಲ್ಲಾಡದೆ ನಿಲ್ಲುತ್ತದೆ.

ಅಲ್ಲಿಂದ ಮುಂದೆ ಯಂತ್ರವೇ ನೋಡಿಕೊಳ್ಳುತ್ತದೆ, ಅದೇ ನನ್ನ ಚಿಂತೆ. ಹರಳಿಗೆ ಬಿದ್ದ ಎಕ್ಸ್-ರೇ ಚದುರಿ ಡಿಟೆಕ್ಟರ್ ಮೇಲೆ ಚುಕ್ಕೆಗಳಾಗಿ ಬೀಳುತ್ತದೆ. ಡಿಟೆಕ್ಟರ್ ಅಳೆಯುವುದು ಪ್ರತಿ ಚುಕ್ಕೆಯ ತೀವ್ರತೆಯನ್ನು ಮಾತ್ರ. ಅಲೆಗಳ ಫೇಸ್ (ಅಲೆ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದು) ಕಳೆದುಹೋಗಿರುತ್ತದೆ, ಫೇಸ್ ಇಲ್ಲದೆ ಪರಮಾಣು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕಳೆದುಹೋದದ್ದನ್ನು ಲೆಕ್ಕದಿಂದಲೇ ಹಿಡಿಯುವ ದಾರಿ ತೋರಿಸಿದ್ದಕ್ಕೆ ಹಾಪ್ಟ್‌ಮನ್ ಮತ್ತು ಕಾರ್ಲ್‌ಗೆ 1985ರಲ್ಲಿ ನೊಬೆಲ್ ಬಂತು. ಈಗ ಶೆಲ್‌ಎಕ್ಸ್ ಪ್ರೋಗ್ರಾಂ ಸಣ್ಣ ಅಣುವಿನ ರಚನೆಯನ್ನು ಎಷ್ಟೋ ಸಲ ಸೆಕೆಂಡುಗಳಲ್ಲಿ ಬಿಡಿಸುತ್ತದೆ. ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರ ತೆಗೆದದ್ದು 1935ರ ಸುಮಾರಿಗೆ. ರಚನೆ ಬಿಡಿಸಿದ್ದು 1969ರಲ್ಲಿ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಪ್ರೋಟೀನ್ ಕ್ರಿಸ್ಟಲೋಗ್ರಫಿಯಲ್ಲಿ ಒಂದು ತಲೆಮಾರನ್ನೇ ಬೆಳೆಸಿದರು. ಅವರ ಕಾಲದವರು ಒಂದೊಂದು ಪರಮಾಣುವಿನ ಜೊತೆ ಗುದ್ದಾಡಿ ಕಲಿತರು. ನಮ್ಮ ಮಕ್ಕಳಿಗೆ ಆ ಗುದ್ದಾಟ ಸಿಗುವುದೇ ಇಲ್ಲ. ಹಾಗಾಗಿ ಅನುಮಾನ ಪಡುವುದನ್ನು ಬೇರೆಯಾಗಿಯೇ ಹೇಳಿಕೊಡಬೇಕು.

ಮಧ್ಯಾಹ್ನ ಅದಕ್ಕೆ ಒಳ್ಳೆಯ ಸಂದರ್ಭ ಸಿಕ್ಕಿತು. ಧಾರವಾಡದಿಂದ ಬಂದ ಹುಡುಗಿ ಒಂದು ಪಿರಿಡಿನ್ ಸಂಯುಕ್ತದ (ಉಂಗುರದಲ್ಲಿ ಐದು ಕಾರ್ಬನ್, ಒಂದು ನೈಟ್ರೋಜನ್) ಮಾಡೆಲ್ ತೋರಿಸಿದಳು. "ಮೇಡಂ, ಆರ್ ಶೇ 4ರ ಹತ್ರ ಬಂದೈತ್ರಿ. ಮುಗೀತಲ್ರೀ?" ಆರ್ ಅಂದರೆ ಮಾಡೆಲ್ಲಿಗೂ ಅಳತೆಗೂ ಇರುವ ಅಂತರ. ಸಣ್ಣ ಅಣುವಿಗೆ 5ಕ್ಕಿಂತ ಕಡಿಮೆ ಇದ್ದರೆ ಎಲ್ಲರೂ ಖುಷಿಪಡುತ್ತಾರೆ. ನಾನು ಉಂಗುರದ ಒಂದು ಪರಮಾಣುವಿನ ಮೇಲೆ ಬೆರಳಿಟ್ಟು, "ಇದು ಕಾರ್ಬನ್ನೇ ಹೌದಾ? ಸರಿಯಾಗಿ ನೋಡಮ್ಮಾ" ಅಂದೆ. ಅದರ ಎಲಿಪ್ಸಾಯ್ಡ್, ಅಂದರೆ ಪರಮಾಣು ಎಷ್ಟು ಅದುರುತ್ತಿದೆ ಅಂತ ತೋರಿಸುವ ಮೊಟ್ಟೆಯಾಕಾರ, ಅಕ್ಕಪಕ್ಕದವಕ್ಕಿಂತ ಚಿಕ್ಕದಾಗಿತ್ತು. ಅಂದರೆ ಅಲ್ಲಿ ಕಾರ್ಬನ್ನಿನ 6ಕ್ಕಿಂತ ಜಾಸ್ತಿ ಎಲೆಕ್ಟ್ರಾನ್ ಇದೆ, ಲೆಕ್ಕ ಸರಿದೂಗಿಸಲು ಪ್ರೋಗ್ರಾಂ ಪರಮಾಣುವನ್ನೇ ಕುಗ್ಗಿಸಿದೆ. ಆಚೆ ಪಕ್ಕ ನೈಟ್ರೋಜನ್ ಅಂತ ಹಾಕಿದ್ದು ಊದಿಕೊಂಡಿತ್ತು, ಅದರ ಪಕ್ಕದಲ್ಲೇ ಮಾಡೆಲ್ಲಿನ ಲೆಕ್ಕಕ್ಕೆ ಸಿಗದ ಎಲೆಕ್ಟ್ರಾನುಗಳ ಒಂದು ಚಿಕ್ಕ ಪೀಕ್, ಒಂದು ಹೈಡ್ರೋಜನ್ ಇರಬೇಕಾದ ಜಾಗದಲ್ಲಿ. ಅವಳು ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತು, ಅಣುವನ್ನು ತಿರುಗಿಸಿ, ಪಕ್ಕದ ಅಣುವನ್ನೂ ಬರಿಸಿಕೊಂಡಳು. ಅದರ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ನೇರವಾಗಿ ಈ 'ಕಾರ್ಬನ್' ಕಡೆಗೇ ಮುಖ ಮಾಡಿತ್ತು. ದೂರ 2.8 ಆಂಗ್‌ಸ್ಟ್ರಾಮ್. "ಇಲ್ಲಿ ಹೈಡ್ರೋಜನ್ ಬಾಂಡ್ ಐತಿ! ಇದು ನೈಟ್ರೋಜನ್ ರೀ!" ಅಂತ ಅವಳೇ ಕೂಗಿದಳು. ಅದಲು ಬದಲು ಮಾಡಿದ ಮೇಲೆ ಎಲಿಪ್ಸಾಯ್ಡುಗಳು ಸರಿಹೋದವು. ಆರ್ ಇಳಿದದ್ದು ಮಾತ್ರ ಚೂರೇ ಚೂರು. ಆ ಚೂರನ್ನು ಎಲ್ಲರಿಗೂ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಆರ್ ಒಂದನ್ನೇ ನೋಡಿದ್ದರೆ ಈ ತಪ್ಪು ಹಾಗೇ ಅಚ್ಚಾಗಿರುತ್ತಿತ್ತು, ಅಲ್ವಾ?

ಅಚ್ಚಾಗಿರುವುದಂತೂ ಬೇಕಾದಷ್ಟಿದೆ. ಕ್ಯಾಲ್‌ಟೆಕ್‌ನ ರಿಚರ್ಡ್ ಮಾರ್ಷ್ ಪ್ರಕಟವಾದ ರಚನೆಗಳನ್ನು ವರ್ಷಗಟ್ಟಲೆ ತಿರುವಿ ಹಾಕಿ, ಸ್ಪೇಸ್ ಗ್ರೂಪ್ (ಹರಳಿನೊಳಗಿನ ಜೋಡಣೆಯ ಸಮ್ಮಿತಿ) ತಪ್ಪಾದವುಗಳನ್ನು ಹೆಕ್ಕಿ ತೋರಿಸಿದರು. 2010ರಲ್ಲಿ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಇ ಪತ್ರಿಕೆ ಕನಿಷ್ಠ 70 ರಚನೆಗಳು ಕಟ್ಟುಕತೆ ಅಂತ ಪ್ರಕಟಿಸಿತು. ಅವುಗಳ ಲೇಖಕರು ಒಂದೇ ಅಳತೆಯ ಡೇಟಾ ಇಟ್ಟುಕೊಂಡು, ಒಂದೆರಡು ಪರಮಾಣು ಬದಲಿಸಿ, ಹೊಸ ಹೊಸ ಸಂಯುಕ್ತ ಅಂತ ಕಳಿಸಿದ್ದರು. ಅವರನ್ನು ಹಿಡಿದುಕೊಟ್ಟದ್ದರಲ್ಲಿ ಇದೇ ಎಲಿಪ್ಸಾಯ್ಡುಗಳ ಪಾಲೂ ಇತ್ತು. ಬಾಂಡ್ ಹಂಚಿಕೊಂಡ ಎರಡು ಪರಮಾಣು ಆ ಬಾಂಡಿನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಗೆ ಅದುರಬೇಕು. ಸುಳ್ಳು ಪರಮಾಣು ಅಲ್ಲಿ ಸಿಕ್ಕಿಬೀಳುತ್ತದೆ. ಕೇಂಬ್ರಿಜ್‌ನ ರಚನೆಗಳ ಸಂಗ್ರಹ 2019ರಲ್ಲೇ 10 ಲಕ್ಷ ದಾಟಿದೆ. ಔಷಧಿ ಕಂಡುಹಿಡಿಯುವವರೂ ಅದನ್ನೇ ನಂಬಿಕೊಂಡಿರುತ್ತಾರೆ.

ಸಿಐಎಫ್ ಫೈಲಿನ ತಪ್ಪು ಹುಡುಕುವ ಚೆಕ್‌ಸಿಫ್ ಪ್ರೋಗ್ರಾಂ ಇದೆಯಲ್ಲ ಅಂತ ಒಬ್ಬ ಹುಡುಗ ಕೇಳಿದ. ಇದೆ, ತುಂಬ ಉಪಕಾರಿ. ಆದರೆ ಎ, ಬಿ, ಸಿ ಅಂತ ಬರುವ ಅಲರ್ಟುಗಳನ್ನು ಹೇಗಾದರೂ ಮಾಡಿ ಇಲ್ಲದಂತೆ ಮಾಡುವುದೇ ಗುರಿಯಾಗಿಬಿಟ್ಟಿದೆ. ಅಲರ್ಟ್ ಯಾಕೆ ಬಂತು ಅಂತ ಕೇಳುವ ಅಭ್ಯಾಸ ಎಂಎಸ್ಸಿಯಲ್ಲೇ ಶುರುವಾಗಬೇಕು. ಯಂತ್ರ ಇಲ್ಲದ ಕಾಲೇಜಿನಲ್ಲೂ ಇದನ್ನು ಕಲಿಸಬಹುದು. ಪ್ರಕಟವಾದ ಎಷ್ಟೋ ರಚನೆಗಳ ಮೂಲ ಡೇಟಾ ಸಿಗುತ್ತದೆ, ಬೇಕಾದ ಪ್ರೋಗ್ರಾಂಗಳು ಕಲಿಯುವವರಿಗೆ ದುಡ್ಡಿಲ್ಲದೆ ಸಿಗುತ್ತವೆ. ಕೂತು ಹೇಳಿಕೊಡುವವರು ಬೇಕು, ಅಷ್ಟೇ.

ನಾಳೆ ಬೆಳಗ್ಗೆ ಒಬ್ಬರ ಫೈಲನ್ನು ಇನ್ನೊಬ್ಬರ ಕೈಗೆ ಕೊಡುತ್ತೇನೆ. ತಪ್ಪಿದೆ ಅನ್ನುವವರು ಡಿಫರೆನ್ಸ್ ಮ್ಯಾಪ್ (ಅಳತೆಗೂ ಮಾಡೆಲ್ಲಿಗೂ ಎಲೆಕ್ಟ್ರಾನ್ ಲೆಕ್ಕ ಎಲ್ಲಿ ಹೊಂದುವುದಿಲ್ಲ ಅಂತ ತೋರಿಸುವ ನಕ್ಷೆ) ಇಟ್ಟು ತೋರಿಸಬೇಕು, ಸರಿ ಇದೆ ಅನ್ನುವವರೂ ಅಷ್ಟೇ. ಬಾಯಿಮಾತು ನಡೆಯುವುದಿಲ್ಲ.